ಬಿಡುವಿನ ಹೆಣಿಗೆ: ಜೋಡಣೆಯಿಲ್ಲದ ಕುಲಾವಿ



ದೀಪಾವಳಿ ಕಳೆಯಿತೆಂದರೆ ನಮ್ಮ ಹುಣಸೂರು ಕಡೆ ಬೆಳಗಿನ ಜಾವ ಇಬ್ಬನಿ ಶುರು. ಲಕ್ಷ್ಮಣತೀರ್ಥ ಹೊಳೆಯ ಮೇಲಿನ ಮಂಜು ಹೊತ್ತೇರಿದ ಮೇಲೇ ಕರಗುವುದು. ಅದೇ ಮಧ್ಯಾಹ್ನ ಅಂಗಳಕ್ಕೆ ಕಾಲಿಟ್ಟರೆ ಚುರುಗುಟ್ಟುವ ಬಿಸಿಲು. ಇಂಥ ಹವೆಯಲ್ಲಿ ಎಳೆ ಮಗುವಿನ ತಲೆಗೆ ಏನು ಹಾಕುವುದು ಎನ್ನುವುದೇ ಪ್ರತಿ ಮನೆಯ ತಕರಾರು. ಅಂಗಡಿಯ ದಪ್ಪ ಟೋಪಿ ಹಾಕಿದರೆ ಹತ್ತು ಗಂಟೆಗೆ ಮಗು ಬೆವರಿ ರಚ್ಚೆ ಹಿಡಿಯುತ್ತೆ. ಹಾಕದಿದ್ದರೆ, "ಕಿವಿಗೆ ಗಾಳಿ ಹೊಕ್ಕೀತು ಕಣಮ್ಮ" ಅಂತ ಹಿರಿಯರ ಗದರಿಕೆ.

ಈ ಸಲ ಪಿರಿಯಾಪಟ್ಟಣದಿಂದ ಸೋದರಿಯೊಬ್ಬರು ಹೀಗೆ ಕೇಳಿದ್ದಾರೆ: "ಎರಡು ಕಡ್ಡಿಯಲ್ಲಿ ಸ್ವೆಟರ್ ಹೆಣೆಯಲು ನನಗೆ ಬರುತ್ತೆ. ಟೋಪಿ ಹೆಣೆದರೆ ಮಾತ್ರ ಹಿಂದುಗಡೆ ಹೊಲಿದು ಜೋಡಿಸಬೇಕು. ಅಲ್ಲಿ ಗಂಟುಗಂಟಾಗಿ ಮಗುವಿಗೆ ಒತ್ತುತ್ತೆ. ಟಿಬೆಟಿಯನ್ನರ ಟೋಪಿಗಳಲ್ಲಿ ಜೋಡಣೆಯೇ ಕಾಣಿಸುವುದಿಲ್ಲ. ಅದು ಹೇಗೆ? ತೂತುತೂತಿನ ಲೇಸ್ ಟೋಪಿಯನ್ನೂ ಹಾಗೇ ಮಾಡಬಹುದೇ?"

ಧಾರಾಳವಾಗಿ ಮಾಡಬಹುದು. ನಮ್ಮ ಹವೆಗೆ ಅದೇ ಸರಿಯಾದ ಟೋಪಿ ಕೂಡ. ಬೆಳಿಗ್ಗೆ ಬೆಚ್ಚಗಿಡುತ್ತೆ, ಹೊತ್ತೇರಿದರೆ ಸಣ್ಣ ತೂತುಗಳಲ್ಲಿ ಗಾಳಿ ಆಡುತ್ತೆ, ಮಗು ಮಲಗಿದಾಗ ತಲೆಯ ಹಿಂಭಾಗಕ್ಕೆ ಹೊಲಿಗೆ ಒತ್ತುವುದಿಲ್ಲ. ಸ್ವೆಟರಿನಂತೆ ತಿಂಗಳುಗಟ್ಟಲೆ ಎಳೆಯುವ ಕೆಲಸವೂ ಅಲ್ಲ. ಅಡಿಗೆ, ಪಾತ್ರೆ ಮುಗಿಸಿ ಕೂತರೆ ನಾಲ್ಕು ಸಂಜೆಗೆ ಒಂದು ಕುಲಾವಿ ಕೈಗೆ ಬರುತ್ತೆ.

ಉಣ್ಣೆ ನಮಗೆ ಹೊಸದಲ್ಲ

ಹುಣಸೂರಿಗೂ ಉಣ್ಣೆಗೂ ಹಳೆಯ ನಂಟು. 19ನೆಯ ಶತಮಾನದಲ್ಲಿ ಬ್ರಿಟಿಷರ ಸೈನ್ಯದ ಸರಬರಾಜಿಗಾಗಿ ಇಲ್ಲಿ ಅಮೃತಮಹಲ್ ದನಗಳ ಕೇಂದ್ರದ ಜೊತೆಗೆ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆಗಳೂ ಇದ್ದವು. ಕುರುಬರ ಮನೆಗಳ ಕರಿ ಕಂಬಳಿ ಗೊತ್ತಿಲ್ಲದವರು ನಮ್ಮಲ್ಲಿ ಯಾರು? ಮಳೆಗೂ ಅದೇ, ಚಳಿಗೂ ಅದೇ. ಆದರೆ ಆ ಉಣ್ಣೆ ಒರಟು. ಹೊಲಕ್ಕೆ ಹೋಗುವ ಗಂಡಸರ ಹೆಗಲಿಗೆ ಒಪ್ಪೀತೇ ಹೊರತು ಹಸುಗೂಸಿನ ತಲೆಗೆ ಚುಚ್ಚುತ್ತೆ. ಅದು ನೇಯ್ಗೆಯ ಉಣ್ಣೆ. ಹೆಣಿಗೆಗೆ ನುಣುಪು ದಾರ ಬೇಕು.

ಕಡ್ಡಿಯ ಹೆಣಿಗೆ ನನ್ನಂಥವರ ಕೈಗೆ ಬಂದದ್ದು ಎರಡು ದಾರಿಯಲ್ಲಿ. ಒಂದು, ಹೈಸ್ಕೂಲಿನ ಹೊಲಿಗೆ ಪೀರಿಯಡ್ಡು. ಅಲ್ಲಿ ಎರಡು ಕಡ್ಡಿ, ಒಂದು ಮಫ್ಲರ್, ಅಷ್ಟೇ. ಇನ್ನೊಂದು, ನಮ್ಮ ನೆರೆಯ ಟಿಬೆಟಿಯನ್ನರು. 1960ರ ದಶಕದ ಮೊದಲಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅವರು ಬಂದು ನೆಲೆಸಿದರು. 1970ರ ದಶಕದಲ್ಲಿ ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಅವರ ಬಿಡಾರಗಳಾದವು. ಕಾಡಂಚಿನ ಜಮೀನಿನಲ್ಲಿ ಮುಸುಕಿನ ಜೋಳ ಬೆಳೆಯುವುದು, ಚಳಿಗಾಲ ಬಂತೆಂದರೆ ಊರೂರಿಗೆ ಹೋಗಿ ಸ್ವೆಟರ್ ಮಾರುವುದು, ಹೀಗೆ ಬದುಕು ಕಟ್ಟಿಕೊಂಡವರು. ಈಗ ಅವರು ಮಾರುವ ಸ್ವೆಟರುಗಳಲ್ಲಿ ಬಹುಪಾಲು ಲುಧಿಯಾನದ ಮಿಷನ್ ಹೆಣಿಗೆಯವು. ಆದರೂ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಹೆಂಗಸರ ಕೈಯಲ್ಲಿ ಕಡ್ಡಿ ಆಡುತ್ತಲೇ ಇರುತ್ತೆ.

ನನಗೆ ಸುತ್ತುಹೆಣಿಗೆ ತೋರಿಸಿಕೊಟ್ಟವರು ಗುರುಪುರದ ಒಬ್ಬ ಅಜ್ಜಿ. ತಾಯಿಯಂಥವರನ್ನು ಅವರಲ್ಲಿ "ಅಮಾಲಾ" ಅಂತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಅವರ ಕನ್ನಡ ನಮ್ಮ ಸಂತೆಯ ಕನ್ನಡ. "ಹಿಂದೆ ಮುಂದೆ ಯಾಕೆ ತಿರುಗಿಸ್ತೀಯಮ್ಮ? ತಲೆ ಗುಂಡಗೈತೆ, ನೀನೂ ಗುಂಡಗೆ ಹೋಗು" ಅಂದರು. ಸುತ್ತುಹೆಣಿಗೆಯ ಪಾಠವೆಲ್ಲ ಆ ಒಂದು ಮಾತಿನಲ್ಲೇ ಇದೆ.

ಸುತ್ತಾಗಿ ಹೆಣೆಯುವುದು ಈಚಿನ ಶೋಕಿ ಅಂದುಕೊಳ್ಳಬೇಡಿ. ಜರ್ಮನಿಯ ಬುಕ್ಸ್ಟೆಹುಡೆ ಎಂಬ ಊರಿನ ಇಗರ್ಜಿಗಾಗಿ ಸುಮಾರು 1400ರಲ್ಲಿ ಬರೆದ ಚಿತ್ರವೊಂದಿದೆ. ಅದರಲ್ಲಿ ಮೇರಿಯಮ್ಮ ಬಾಲಯೇಸುವಿನ ಪುಟ್ಟ ಅಂಗಿಯನ್ನು ನಾಲ್ಕು ಕಡ್ಡಿಗಳಲ್ಲಿ ಸುತ್ತಾಗಿ ಹೆಣೆಯುತ್ತಿದ್ದಾಳೆ. ಆರು ನೂರು ವರ್ಷದ ಹಿಂದೆಯೂ ಮಗುವಿನ ಮೈಗೆ ಜೋಡಣೆ ಒತ್ತಬಾರದು ಅನ್ನುವ ಯೋಚನೆ ತಾಯಂದಿರಿಗೆ ಇದ್ದಿರಬೇಕು.

ಸುತ್ತುಹೆಣಿಗೆಯ ಸುಖ

ಎರಡು ಕಡ್ಡಿಯಲ್ಲಿ ಒಂದು ಸಾಲು ಸೀದಾ, ತಿರುಗಿಸಿ ಒಂದು ಸಾಲು ಉಲ್ಟಾ ಹೆಣೆದರೆ ಮುಂಭಾಗ ನುಣ್ಣಗೆ ಬರುತ್ತೆ. ಸುತ್ತಾಗಿ ಹೆಣೆಯುವಾಗ ತಿರುಗಿಸುವ ಪ್ರಶ್ನೆಯೇ ಇಲ್ಲ. ಮುಂಭಾಗ ಯಾವಾಗಲೂ ನಿಮ್ಮ ಕಣ್ಣೆದುರಿಗೇ ಇರುತ್ತೆ. ಹಾಗಾಗಿ ಅಂಚಿನ ಪಟ್ಟಿ ಬಿಟ್ಟರೆ ಉಲ್ಟಾ ಬೇಡವೇ ಬೇಡ, ಎಲ್ಲ ಸುತ್ತೂ ಸೀದಾ. ಲೇಸಿನ ನಮೂನೆ ಕೂಡ ಎದುರಿಗೇ ಅರಳುವುದರಿಂದ ತಪ್ಪಿದ ಕೂಡಲೇ ಗೊತ್ತಾಗುತ್ತೆ.

ಲೇಸ್ ಅಂದರೆ ಹೆದರುವವರೇ ಹೆಚ್ಚು. ಅದರಲ್ಲಿ ಇರುವುದು ಎರಡೇ ಕೈಚಳಕ.

ದಾರ ಮುಂದೆ: ಕಡ್ಡಿಗಳ ನಡುವಿನಿಂದ ದಾರವನ್ನು ಮುಂದಕ್ಕೆ ತಂದು, ಹಾಗೇ ಮುಂದಿನ ಹೆಣಿಗೆ ಹಾಕುವುದು. ದಾರ ಕಡ್ಡಿಯ ಮೇಲೆ ಹಾದು ಹೋಗಿ ಒಂದು ಹೊಸ ಕುಣಿಕೆ ಹುಟ್ಟುತ್ತೆ, ಅದರ ಕೆಳಗೆ ತೂತು ಬೀಳುತ್ತೆ.

ಜೋಡಿ: ಎರಡು ಕುಣಿಕೆಗಳಿಗೆ ಒಟ್ಟಿಗೆ ಕಡ್ಡಿ ತೂರಿಸಿ ಒಂದೇ ಸೀದಾ ಹೆಣೆಯುವುದು. ಎರಡು ಹೋಗಿ ಒಂದಾಗುತ್ತೆ.

ಒಂದು ಕಡೆ ಒಂದು ಹೆಚ್ಚಿತು, ಪಕ್ಕದಲ್ಲೇ ಒಂದು ಕಡಿಮೆಯಾಯಿತು. ಹಾಲಿನ ಲೆಕ್ಕದ ಪುಸ್ತಕದ ಹಾಗೆ, ಜಮಾ ಖರ್ಚು ಸರಿಹೋಯಿತು. ಸುತ್ತಿನ ಶುರುವಿಗೆ 80 ಕುಣಿಕೆ ಇದ್ದರೆ ಕೊನೆಗೂ 80 ಇರಲೇಬೇಕು. ಬಟ್ಟೆಗೆ ತೂತು ಬಿದ್ದರೆ ಹರಿದಂತೆ, ಹೆಣಿಗೆಯ ತೂತಾದರೋ ಎಣಿಸಿ ಇಟ್ಟದ್ದು. ಈ ಎಣಿಕೆ ನಿಮ್ಮ ಕೈಯಲ್ಲಿದ್ದರೆ ಎಂಥ ಲೇಸಿಗೂ ಹೆದರಬೇಕಿಲ್ಲ.

ಬೇಕಾಗುವ ಸಾಮಗ್ರಿ

ಮಕ್ಕಳಿಗಾಗಿಯೇ ಮಾರುವ ನುಣುಪಾದ, ನಾಲ್ಕು ಎಳೆಯ ಬೇಬಿ ಉಲ್ಲನ್. 50 ಗ್ರಾಂ ತಂದರೆ ಹುಟ್ಟಿದ ಮಗುವಿನ ಒಂದು ಕುಲಾವಿ ಆಗಿ ಸಾಕಷ್ಟು ಮಿಗುತ್ತೆ. ಬಿಗಿ ಕೈಯವರಿಗೆ ಎರಡೂ ಆದೀತು.

10 ನಂಬರಿನ ಕಡ್ಡಿ, ಅಂದರೆ 3.25 ಮಿ.ಮೀ. ಈಗಿನ ಪೊಟ್ಟಣಗಳ ಮೇಲೆ ಮಿ.ಮೀ. ಲೆಕ್ಕವೂ ಇರುತ್ತೆ, ನೋಡಿ ತನ್ನಿ. ಸುತ್ತುಹೆಣಿಗೆಗೆ ಎರಡು ಬಗೆಯ ಕಡ್ಡಿ ಸಿಗುತ್ತವೆ. ಎರಡೂ ತುದಿ ಚೂಪಾಗಿರುವ ನಾಲ್ಕು ಅಥವಾ ಐದು ಕಡ್ಡಿಗಳ ಸೆಟ್ಟು ಒಂದು. ಎರಡು ಗಿಡ್ಡ ಕಡ್ಡಿಗಳನ್ನು ಮೆದು ವೈರಿನಿಂದ ಸೇರಿಸಿದ ಸರ್ಕ್ಯುಲರ್ ಕಡ್ಡಿ ಇನ್ನೊಂದು. ಸರ್ಕ್ಯುಲರ್ ಕೊಳ್ಳುವುದಾದರೆ 80 ಸೆಂ.ಮೀ. ಉದ್ದದ್ದು ಕೊಳ್ಳಿ. 40 ಸೆಂ.ಮೀ.ಯದು ದೊಡ್ಡವರ ಟೋಪಿಗೆ ಸರಿ. ಮಗುವಿನ ಟೋಪಿ ಅದರ ಸುತ್ತಳತೆಗೆ ಎಟುಕುವುದಿಲ್ಲ.

ಬೇರೆ ಬಣ್ಣದ ದಾರದ ಒಂದು ಪುಟ್ಟ ಉಂಗುರ, ಸುತ್ತಿನ ಶುರು ಗುರುತಿಗೆ. ದೊಡ್ಡ ಕಣ್ಣಿನ ದಬ್ಬಣ, ಅಳತೆ ಟೇಪು, ಒಂದಷ್ಟು ಹೊಲಿಗೆ ದಾರ.

ಉಲ್ಲನ್ ಕೊಳ್ಳುವಾಗ ಒಂದು ಮಾತು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಬಹುಪಾಲು ಅಕ್ರಿಲಿಕ್, ಕುರಿಯ ಉಣ್ಣೆಯಲ್ಲ. ಒಂದೆಳೆ ದಾರವನ್ನು ಬಟ್ಟಲಿನ ಮೇಲೆ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿ ಬೂದಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ಕೆಟ್ಟದ್ದೇನಲ್ಲ, ತೊಳೆಯಲು ಸುಲಭ, ಚುಚ್ಚುವುದಿಲ್ಲ. ಆದರೆ ನಮ್ಮಲ್ಲಿ ಎರೆದ ಮೇಲೆ ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವ ರೂಢಿ ಇದೆಯಲ್ಲ, ಬಾಣಂತಿ ಕೋಣೆಯಲ್ಲಿ ಕೆಂಡ ಇಡುತ್ತೇವಲ್ಲ, ಆ ಹೊತ್ತಿನಲ್ಲಿ ಈ ಟೋಪಿ ಮಗುವಿನ ತಲೆಯ ಮೇಲೆ ಇರಲೇಬಾರದು. ಕಿಡಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತೆ. ಎಳೆ ಕೂಸಿನ ಶ್ವಾಸಕ್ಕೆ ಹೊಗೆಯೇ ಬೇಡ ಅನ್ನುತ್ತಾರೆ ವೈದ್ಯರು.

ಅಳತೆಯ ಲೆಕ್ಕ

ಮಗುವಿನ ಹುಬ್ಬಿನ ಮೇಲಿಂದ ತಲೆಯ ಹಿಂದಿನ ಉಬ್ಬಿನವರೆಗೆ ಟೇಪು ಸುತ್ತಿ ನೋಡಿ. ಬಂದ ಸೆಂಟಿಮೀಟರಿನಲ್ಲಿ 3 ಕಳೆಯಿರಿ, ಯಾಕೆಂದರೆ ಹೆಣಿಗೆ ಹಿಗ್ಗುತ್ತೆ. ಉಳಿದದ್ದನ್ನು ಎರಡೂವರೆಯಿಂದ ಗುಣಿಸಿ. ಆ ಸಂಖ್ಯೆಗೆ ಹತ್ತಿರದ, 8ರಿಂದ ಭಾಗವಾಗುವ ಸಂಖ್ಯೆಯೇ ನಿಮ್ಮ ಕುಣಿಕೆಯ ಲೆಕ್ಕ. ನಮ್ಮ ನಮೂನೆ 8 ಕುಣಿಕೆಯದು, ಅದಕ್ಕೇ ಈ ಭಾಗಾಕಾರ.

ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆ ಸುಮಾರು 35 ಸೆಂ.ಮೀ. ಮೂರು ಕಳೆದರೆ 32. ಗುಣಿಸಿದರೆ 80 ಕುಣಿಕೆ. ವರ್ಷದ ಮಗುವಿಗೆ 104 ಬೇಕಾಗುತ್ತೆ. ತೂಕ ಕಡಿಮೆ ಇರುವ ಹಸುಗೂಸಿಗೆ 72.

ಇದು 10 ಸೆಂ.ಮೀ. ಅಗಲಕ್ಕೆ 25 ಕುಣಿಕೆ ಬರುವ ಕೈಯ ಲೆಕ್ಕ. ನಿಮ್ಮ ಕೈ ಬಿಗಿಯೋ ಸಡಿಲವೋ ತಿಳಿಯಲು ಮೊದಲು ಅಂಗೈಯಗಲದ ಒಂದು ತುಂಡು ಹೆಣೆದು ಅಳೆಯಿರಿ. ಹೆಚ್ಚು ಕುಣಿಕೆ ಬಂದರೆ 9 ನಂಬರಿನ ಕಡ್ಡಿ ಹಿಡಿಯಿರಿ, ಕಡಿಮೆ ಬಂದರೆ 11.

ಹೆಣೆಯುವ ವಿಧಾನ (80 ಕುಣಿಕೆ)

ಸಡಿಲವಾಗಿ 80 ಕುಣಿಕೆ ಏರಿಸಿ. ಏರಿಸುವಾಗ ಎರಡು ಕಡ್ಡಿ ಜೋಡಿಸಿ ಹಿಡಿದುಕೊಂಡರೆ ಅಂಚು ಬಿಗಿಯಾಗುವುದಿಲ್ಲ. ಹಣೆಗೆ ಗೆರೆ ಬೀಳಿಸುವ ಅಂಚು ಮಗುವಿಗೆ ಹಿಂಸೆ.

ನಾಲ್ಕು ಕಡ್ಡಿಯ ಸೆಟ್ಟಾದರೆ ಕುಣಿಕೆಗಳನ್ನು ಮೂರು ಕಡ್ಡಿಗೆ 24, 24, 32 ಅಂತ ಹಂಚಿ. ನಾಲ್ಕನೆಯದು ಹೆಣೆಯುವ ಕಡ್ಡಿ. ಸಮನಾಗಿ ಹಂಚಲು ಹೋಗಬೇಡಿ. ಎಂಟೆಂಟರ ಗುಂಪು ಒಡೆದರೆ ನಮೂನೆ ಕಡ್ಡಿಯ ತುದಿಯಲ್ಲಿ ತಪ್ಪುತ್ತೆ.

ಸರ್ಕ್ಯುಲರ್ ಕಡ್ಡಿಯಾದರೆ ಎಲ್ಲ ಕುಣಿಕೆಗಳನ್ನೂ ವೈರಿನ ಮೇಲೆ ಸರಿಸಿ. 40 ಎಣಿಸಿ, ಅಲ್ಲಿ ವೈರನ್ನು ಕುಣಿಕೆಗಳ ನಡುವಿನಿಂದ ಹೊರಕ್ಕೆ ಎಳೆದು ಬಳೆಯಂತೆ ಬಿಡಿ. ಈಗ 40 ಮುಂದೆ, 40 ಹಿಂದೆ. ಎರಡೂ ಗುಂಪನ್ನು ಕಡ್ಡಿಯ ತುದಿಗೆ ತಳ್ಳಿ. ಉಂಡೆಯ ದಾರ ಹಿಂದಿನ ಗುಂಪಿನಿಂದ ಬರುತ್ತಿರಬೇಕು. ಹಿಂದಿನ ಕಡ್ಡಿಯನ್ನು ಹೊರಗೆಳೆದು, ಅದರಿಂದಲೇ ಮುಂದಿನ 40 ಹೆಣೆಯಿರಿ. ತಿರುಗಿಸಿ, ಮತ್ತೆ ಅದೇ ಕ್ರಮ. ಮೊದಲ ಎರಡು ಸುತ್ತು ಹಾವು ಹಿಡಿದ ಹಾಗೆ ಅನ್ನಿಸುತ್ತೆ. ಮೂರನೆಯದಕ್ಕೆ ಕೈ ಒಗ್ಗುತ್ತೆ.

ಸುತ್ತು ಕೂಡಿಸುವ ಮುಂಚೆ ಮೇಜಿನ ಮೇಲಿಟ್ಟು ನೋಡಿ. ಏರಿಸಿದ ಅಂಚು ಎಲ್ಲ ಕಡೆಯೂ ಕಡ್ಡಿಯ ಕೆಳಗೇ ಇರಬೇಕು. ಒಂದು ಕಡೆ ತಿರುಚಿಕೊಂಡಿದ್ದು ಹಾಗೇ ಕೂಡಿಸಿದರೆ ಟೋಪಿ ಎಂಟರ ಆಕಾರಕ್ಕೆ ತಿರುಗಿಕೊಳ್ಳುತ್ತೆ, ಆಮೇಲೆ ಬಿಚ್ಚದೆ ಬೇರೆ ದಾರಿಯಿಲ್ಲ. ಸರಿಯಿದ್ದರೆ ಗುರುತಿನ ಉಂಗುರ ಹಾಕಿ ಕೂಡಿಸಿ.

ಅಂಚು: ಒಂದು ಸೀದಾ, ಒಂದು ಉಲ್ಟಾ, ಹೀಗೆ 10 ಸುತ್ತು.

ಲೇಸ್:
1ನೆಯ ಸುತ್ತು: 6 ಸೀದಾ, ದಾರ ಮುಂದೆ, ಜೋಡಿ. ಹೀಗೇ ಸುತ್ತು ಪೂರ್ತಿ.
2, 3, 4ನೆಯ ಸುತ್ತು: ಎಲ್ಲವೂ ಸೀದಾ.
5ನೆಯ ಸುತ್ತು: 2 ಸೀದಾ, ದಾರ ಮುಂದೆ, ಜೋಡಿ, 4 ಸೀದಾ. ಹೀಗೇ ಸುತ್ತು ಪೂರ್ತಿ.
6, 7, 8ನೆಯ ಸುತ್ತು: ಎಲ್ಲವೂ ಸೀದಾ.

ಈ 8 ಸುತ್ತುಗಳನ್ನು ನಾಲ್ಕು ಸಲ ಹೆಣೆಯಿರಿ. ಅಂಚಿನಿಂದ ಸುಮಾರು 11 ಸೆಂ.ಮೀ. ಎತ್ತರ ಬಂದಿರುತ್ತೆ. ತೂತುಗಳು ಮಲ್ಲಿಗೆ ಮೊಗ್ಗು ಎರಚಿದಂತೆ ಒಂದು ಬಿಟ್ಟು ಒಂದು ಕೂರುತ್ತವೆ. ಈ ನಮೂನೆಯಲ್ಲಿ 'ದಾರ ಮುಂದೆ' ಎಂದೂ ಕಡ್ಡಿಯ ತುದಿಗೆ ಬರುವುದಿಲ್ಲ, ಜಾರಿ ಬೀಳುವ ಭಯವಿಲ್ಲ. ಹೊಸಬರಿಗೆ ಇದನ್ನೇ ಹೇಳುವುದು ಅದಕ್ಕೆ.

ನೆತ್ತಿ: 6 ಸೀದಾ, ಜೋಡಿ, ಹೀಗೇ ಸುತ್ತು ಪೂರ್ತಿ; 70 ಉಳಿಯುತ್ತೆ. ಒಂದು ಸುತ್ತು ಬರೀ ಸೀದಾ. ನಂತರ 5 ಸೀದಾ, ಜೋಡಿ, 60. ಒಂದು ಸುತ್ತು ಸೀದಾ. 4 ಸೀದಾ, ಜೋಡಿ, 50. ಹೀಗೆ ಒಂದೊಂದೇ ಇಳಿಸುತ್ತ, ನಡುನಡುವೆ ಒಂದು ಸುತ್ತು ಸೀದಾ ಹಾಕುತ್ತ, 1 ಸೀದಾ, ಜೋಡಿಯವರೆಗೆ ಬನ್ನಿ, 20. ಕೊನೆಗೆ ಬರೀ ಜೋಡಿಗಳ ಒಂದು ಸುತ್ತು, 10. ಒಂದು ಗೇಣು ದಾರ ಬಿಟ್ಟು ಕತ್ತರಿಸಿ, ದಬ್ಬಣದಿಂದ ಹತ್ತೂ ಕುಣಿಕೆಗಳಲ್ಲಿ ಎರಡು ಸಲ ಹಾಯಿಸಿ, ಎಳೆದು ಒಳಗಡೆ ಭದ್ರ ಮಾಡಿ. ಕುಲಾವಿ ಸಿದ್ಧ.

ಲೆಕ್ಕ ತಪ್ಪಿದರೆ

ಪ್ರತಿ ಲೇಸ್ ಸುತ್ತಿನ ಮುಂಚೆ ದಬ್ಬಣದಲ್ಲಿ ಹೊಲಿಗೆ ದಾರ ಪೋಣಿಸಿ ಎಲ್ಲ ಕುಣಿಕೆಗಳ ಒಳಗೂ ಹಾಯಿಸಿ ಬಿಟ್ಟುಬಿಡಿ. ಮುಂದೆ ಏನು ತಪ್ಪಿದರೂ ಅಲ್ಲಿಯವರೆಗೆ ಧೈರ್ಯವಾಗಿ ಬಿಚ್ಚಬಹುದು, ಅದಕ್ಕಿಂತ ಕೆಳಗೆ ಒಂದು ಕುಣಿಕೆಯೂ ಇಳಿಯುವುದಿಲ್ಲ. ಮುಗಿದ ಮೇಲೆ ಎಳೆದು ತೆಗೆದರಾಯಿತು.

ಎಣಿಸಿದಾಗ 79 ಬಂದರೆ ಎಲ್ಲೋ 'ದಾರ ಮುಂದೆ' ಬಿಟ್ಟಿದೆ. ಆ ಜಾಗದಲ್ಲಿ ಎರಡು ಕುಣಿಕೆಗಳ ನಡುವಿನ ಅಡ್ಡ ಎಳೆಯನ್ನು ಎತ್ತಿ ಕಡ್ಡಿಗೆ ಏರಿಸಿಕೊಂಡು ಹೆಣೆಯಿರಿ. ತೂತು ಸ್ವಲ್ಪ ಚಿಕ್ಕದಾದೀತು, ಯಾರಿಗೂ ತಿಳಿಯದು. 81 ಬಂದರೆ ಒಂದು ಜೋಡಿ ಬಿಟ್ಟಿದೆ. ಮುಂದಿನ ಸೀದಾ ಸುತ್ತಿನಲ್ಲಿ ಅದೇ ಜಾಗದಲ್ಲಿ ಜೋಡಿ ಹಾಕಿ. ಕಡ್ಡಿಯಿಂದ ಕಡ್ಡಿಗೆ ದಾಟುವ ಕಡೆ ಏಣಿಯಂತೆ ಸಡಿಲ ಗೆರೆ ಕಂಡರೆ, ಪ್ರತಿ ಕಡ್ಡಿಯ ಮೊದಲ ಎರಡು ಹೆಣಿಗೆಯನ್ನು ಚೂರು ಬಿಗಿಯಾಗಿ ಎಳೆಯಿರಿ.

ಹೆಣಿಗೆಯಲ್ಲಿ ಬಿಚ್ಚಿದ ದಾರ ಹಾಳಾಗುವುದಿಲ್ಲ. ರವಿಕೆ ಬಟ್ಟೆ ತಪ್ಪಾಗಿ ಕತ್ತರಿಸಿದರೆ ಹೋಯಿತು, ಉಲ್ಲನ್ ಹಾಗಲ್ಲ. ಮಕ್ಕಳಿಗೆ ಗಿಡ್ಡವಾದ ಹಳೆಯ ಸ್ವೆಟರನ್ನೂ ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಬೆಚ್ಚನೆಯ ನೀರಿನಲ್ಲಿ ಅದ್ದಿ ನೆರಳಲ್ಲಿ ತೂಗುಹಾಕಿದರೆ ಗುಂಗುರು ಹೋಗುತ್ತೆ. ದುಡ್ಡು ಕೊಟ್ಟು ತರದೆ ಕಲಿಯಲು ಇದಕ್ಕಿಂತ ಒಳ್ಳೆಯ ದಾರವಿಲ್ಲ.

ಕೂಸು ಹುಟ್ಟುವ ಮುಂಚೆ

ಈಗ ಸ್ವಲ್ಪ ಮನಸ್ಸಿನ ಮಾತು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ" ಅಂತ ಗಾದೆ ಇದೆಯಲ್ಲ, ಆತುರಗಾರರನ್ನು ಹಾಸ್ಯ ಮಾಡಲು ಹುಟ್ಟಿದ್ದು. ನಮ್ಮ ಮನೆಗಳಲ್ಲಿ ಅದು ಶಾಸ್ತ್ರವೇ ಆಗಿಬಿಟ್ಟಿದೆ. ಮಗು ಕೈಗೆ ಬರುವವರೆಗೆ ಒಂದು ಬಟ್ಟೆ ಹೊಲಿಸುವುದಿಲ್ಲ, ಒಂದು ತೊಟ್ಟಿಲು ತರುವುದಿಲ್ಲ. ಹಿರಿಯರ ಅಂಜಿಕೆ ಅರ್ಥವಾಗದ್ದಲ್ಲ. ಎಷ್ಟೋ ಬಸುರಿ, ಎಷ್ಟೋ ಕೂಸುಗಳನ್ನು ಕಳೆದುಕೊಂಡ ಕಾಲ ಕಂಡವರು ಅವರು.

ಎರಡು ವರ್ಷದ ಹಿಂದೆ ನಮ್ಮ ಬೀದಿಯಲ್ಲೇ ನಡೆದದ್ದು ಹೇಳುತ್ತೇನೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿಗೆ ದಿನ ತುಂಬಲು ಇನ್ನೂ ಐದು ವಾರ ಇರುವಾಗಲೇ ಹೆರಿಗೆಯಾಯಿತು. ಮಗು 1 ಕಿಲೋ 850 ಗ್ರಾಂ. ಬೆಚ್ಚಗಿಡಬೇಕು, ತಲೆಗೆ ಸರಿಯಾಗಿ ಕೂರುವ ಟೋಪಿ ತನ್ನಿ ಅಂತ ಆಸ್ಪತ್ರೆಯಲ್ಲಿ ಹೇಳಿದರು. ಮನೆಯಲ್ಲಿ ಒಂದೂ ಇಲ್ಲ. ಹುಟ್ಟುವ ಮುಂಚೆ ತರಬಾರದಲ್ಲ! ಅಂಗಡಿಯಿಂದ ತಂದದ್ದು ಕಣ್ಣು ಮೂಗು ಮುಚ್ಚುವಷ್ಟು ದೊಡ್ಡದು. ಹುಡುಗಿಯ ತಾಯಿ ರಾತ್ರಿ ಎಂಟಕ್ಕೆ ನಮ್ಮ ಬಾಗಿಲಿಗೆ ಬಂದು, "ಅಕ್ಕಾ, ಏನಾದ್ರೂ ಮಾಡಿಕೊಡಿ" ಅಂದರು. ಅವರ ಕೈ ನಡುಗುತ್ತಿತ್ತು. 72 ಕುಣಿಕೆ ಏರಿಸಿ, ಲೇಸಿನ ಎಂಟು ಸುತ್ತನ್ನು ಮೂರೇ ಸಲ ಹೆಣೆದು, ಬೆಳಗಿನ ಜಾವಕ್ಕೆ ಮುಗಿಸಿದೆ. ಬಿಸಿನೀರಿನಲ್ಲಿ ತೊಳೆದು, ಒಲೆಯ ಪಕ್ಕದ ಬಿಸುಪಿಗೆ ಒಣಗಿಸಿ, ಮೊದಲ ಬಸ್ಸಿಗೆ ಕಳಿಸಿದೆವು.

ಹುಟ್ಟಿದ ಮಗುವಿನ ತಲೆ ಅದರ ಉದ್ದದಲ್ಲಿ ನಾಲ್ಕನೆಯ ಒಂದು ಪಾಲು. ಮೈಯಲ್ಲಿ ಕೊಬ್ಬಿಲ್ಲದ ಪುಟ್ಟ ಕೂಸಿಗೆ ಬರಿದಾದ ತಲೆಯಿಂದ ಬಿಸಿ ಬೇಗ ಹೋಗಿಬಿಡುತ್ತೆ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ತೂಕ ಕಡಿಮೆ ಎಂದೇ ಲೆಕ್ಕ. ಅಂಥ ಮಕ್ಕಳಿಗೆ ಈಗ ಕಾಂಗರೂ ತಾಯಿ ಆರೈಕೆ ಹೇಳಿಕೊಡುತ್ತಾರೆ. ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವುದು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ, ಶಾಖಪೆಟ್ಟಿಗೆಗಳು ಸಾಲದೆ ಇದ್ದ ಆಸ್ಪತ್ರೆಯಲ್ಲಿ ವೈದ್ಯರು ಶುರುಮಾಡಿದ ಕ್ರಮ ಇದು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಂಥ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆಯವರೆಗೆ ಆದಷ್ಟು ಹೊತ್ತು ಮುಂದುವರಿಸಿ ಎಂದು ಸಲಹೆ ಮಾಡಿತು. ನಮ್ಮ ಬೀದಿಯ ಆ ಹುಡುಗಿಯೂ ಹಾಗೇ ಮಾಡಿದಳು. ತಾಯಿ ಸುಸ್ತಾದಾಗ ಮಗುವಿನ ಅಜ್ಜಿಯೇ ಎದೆಗೆ ಕಟ್ಟಿಕೊಂಡು ಕೂತರು. ಈಗ ಆ ಕೂಸು ನಮ್ಮ ಮನೆಯ ಉಂಡೆಗಳನ್ನೆಲ್ಲ ಉರುಳಿಸಿಕೊಂಡು ಓಡುತ್ತೆ.

ಅದಕ್ಕೇ ಹೇಳುವುದು. ನಿಮ್ಮ ಮನೆಯ ಬಸುರಿಯ ಹೆಸರಿನಲ್ಲಿ ಹೆಣೆಯಲು ಮನಸ್ಸು ಹಿಂಜರಿದರೆ ಬೇಡ. ಯಾವುದೋ ಮಗುವಿಗೆ ಅಂತ 72ರದ್ದು ಒಂದು, 80ರದ್ದು ಒಂದು ಹೆಣೆದು ತೊಳೆದು ಡಬ್ಬಿಯಲ್ಲಿ ಇಟ್ಟಿರಿ. ನಿಮ್ಮಲ್ಲೇ ಬೇಕಾದರೆ ಆಯಿತು, ಇಲ್ಲವಾದರೆ ಬೀದಿಯಲ್ಲಿ ಯಾರಿಗಾದರೂ ಬೇಕಾಗುತ್ತೆ. ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟರೆ ಅವರು ಅಗತ್ಯವಿದ್ದ ಮನೆಗೆ ಮುಟ್ಟಿಸುತ್ತಾರೆ. ಶಾಸ್ತ್ರವೂ ಉಳಿಯಿತು, ಕೂಸೂ ಬೆಚ್ಚಗಿತ್ತು.

ಹಾಕುವಾಗ ನೆನಪಿರಲಿ

ಹಳೆಯ ಕುಲಾವಿಗೆ ಗದ್ದದ ಕೆಳಗೆ ಕಟ್ಟುವ ಲಾಡಿ ಇರುತ್ತಿತ್ತು. ಇದಕ್ಕೆ ಬೇಡ. ಅಂಚಿನ ಪಟ್ಟಿಯೇ ಹಿಡಿದುಕೊಳ್ಳುತ್ತೆ. ಲಾಡಿ ಕುತ್ತಿಗೆಗೆ ಸುತ್ತಿಕೊಂಡರೆ ಅಪಾಯ. ಮಣಿ, ಗುಂಡಿ, ಚೆಂಡುಗೊಂಡೆಗಳೂ ಬೇಡ. ಕಿತ್ತು ಬಾಯಿಗೆ ಹೋದಾವು.

ಆರೋಗ್ಯವಾಗಿರುವ, ತಿಂಗಳು ತುಂಬಿ ಹುಟ್ಟಿದ ಮಗು ಮನೆಯೊಳಗೆ ಮಲಗಿರುವಾಗ ಟೋಪಿ ತೆಗೆದುಬಿಡಿ. ಹೆಚ್ಚಿನ ಬಿಸಿಯನ್ನು ಮಗು ಹೊರಹಾಕುವುದೂ ತಲೆಯಿಂದಲೇ. ಹಗಲೂ ರಾತ್ರಿ ಬಿಗಿದಿಟ್ಟರೆ ಮೈ ಕಾದು ತೊಂದರೆಯಾಗುತ್ತೆ, ನಿದ್ದೆಯಲ್ಲಿ ಟೋಪಿ ಜಾರಿ ಮೂಗು ಮುಚ್ಚುವುದೂ ಉಂಟು. ಮಗುವಿನ ಎದೆ ಇಲ್ಲವೇ ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೈಕಾಲು ತಣ್ಣಗಿದೆ ಅಂತ ಅಳೆಯಬೇಡಿ, ಎಳೆ ಮಕ್ಕಳ ಕೈಕಾಲು ಸ್ವಲ್ಪ ತಣ್ಣಗೇ ಇರುತ್ತೆ. ತೂಕ ಕಡಿಮೆ ಇರುವ ಮಗುವಿಗೆ ಎಷ್ಟು ದಿನ, ಯಾವಾಗ ಹಾಕಬೇಕು ಎನ್ನುವುದನ್ನು ಮಾತ್ರ ಡಾಕ್ಟರು ಹೇಳಿದಂತೆಯೇ ಮಾಡಿ.

ತೊಳೆಯಲು ಅಂಟುವಾಳದ ಕಾಯಿಯ ನೀರು ಬಹಳ ಒಳ್ಳೆಯದು. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಮಗುವಿನ ತಲೆಯಷ್ಟು ಗಾತ್ರದ ಚೊಂಬಿನ ಮೇಲೆ ಹಾಕಿ ನೆರಳಲ್ಲಿ ಆರಿಸಿದರೆ ಲೇಸಿನ ತೂತುಗಳು ಬಿಚ್ಚಿಕೊಂಡು ನಮೂನೆ ಎದ್ದು ಕಾಣುತ್ತೆ. ಹಬೆಯಾಡುವ ಇಸ್ತ್ರಿ ತಾಗಿಸಿದರೆ ಅಕ್ರಿಲಿಕ್ ಸತ್ತ ಹಾಗೆ ಜೋತುಬೀಳುತ್ತೆ.

ಸೋದರಿಯರ ಪ್ರಶ್ನೆಗಳು

ಎಚ್.ಡಿ. ಕೋಟೆಯ ಸೋದರಿಗೆ: ಹತ್ತಿ ದಾರದಲ್ಲೂ ಹೆಣೆಯಬಹುದು, ಬೇಸಿಗೆಗೆ ಅದೇ ಒಳ್ಳೆಯದು. ಹತ್ತಿಗೆ ಹಿಗ್ಗಿ ಕುಗ್ಗುವ ಗುಣ ಕಡಿಮೆ. ಅಂಚಿನ ಪಟ್ಟಿಯನ್ನು ಮಾತ್ರ 12 ನಂಬರಿನ ಕಡ್ಡಿಯಲ್ಲಿ ಹೆಣೆದರೆ ಸಡಿಲವಾಗುವುದಿಲ್ಲ.

ಕೆ.ಆರ್. ನಗರದ ಸೋದರಿಗೆ: ಕ್ಯಾನ್ಸರ್ ಔಷಧಿಯಿಂದ ಕೂದಲು ಉದುರಿದ ನಿಮ್ಮ ಅತ್ತಿಗೆಗೂ ಇದೇ ಟೋಪಿ ಆಗುತ್ತೆ. 55 ಸೆಂ.ಮೀ. ತಲೆಗೆ 128 ಕುಣಿಕೆ, 40 ಸೆಂ.ಮೀ. ಸರ್ಕ್ಯುಲರ್ ಕಡ್ಡಿ. ಅಂಚಿನಿಂದ 15 ಸೆಂ.ಮೀ. ಬಂದ ಮೇಲೆ, ಎಂಟನೆಯ ಸುತ್ತಿಗೆ ಸರಿಯಾಗಿ ನಿಲ್ಲಿಸಿ ನೆತ್ತಿ ಶುರುಮಾಡಿ, ಇಳಿಸುವ ಸುತ್ತುಗಳ ನಡುವೆ ಎರಡೆರಡು ಸುತ್ತು ಸೀದಾ ಹಾಕಿ. ನೆತ್ತಿ ಇನ್ನೂ ಸಣ್ಣದಾದಾಗ ಗಿಡ್ಡ ಕಡ್ಡಿಗಳ ಸೆಟ್ಟಿಗೆ ವರ್ಗಾಯಿಸಿಕೊಳ್ಳಿ. ಬರಿದಾದ ನೆತ್ತಿಯ ಚರ್ಮ ಬಹಳ ಸೂಕ್ಷ್ಮ, ನುಣುಪು ಹತ್ತಿಯನ್ನೇ ಆರಿಸಿ. ಬಣ್ಣ ಮಾತ್ರ ಅವರನ್ನೇ ಕೇಳಿ ತನ್ನಿ. ಆಸ್ಪತ್ರೆಗೆ ಓಡಾಡುವವರಿಗೆ ತಮ್ಮ ಇಷ್ಟದ್ದು ಅಂತ ಒಂದಾದರೂ ಇರಲಿ.

ಮುಂದಿನ ಸಂಚಿಕೆಯಲ್ಲಿ ಇದೇ ದಾರದಲ್ಲಿ ಮಿಕ್ಕದ್ದರಿಂದ ಪುಟ್ಟ ಕಾಲುಚೀಲ. ಹಿಮ್ಮಡಿ ತಿರುಗಿಸುವುದು ಸ್ವಲ್ಪ ಜಾಣತನದ ಕೆಲಸ. ಅಷ್ಟರಲ್ಲಿ ಸುತ್ತು ಕೂಡಿಸುವುದನ್ನು ಕೈಗೆ ರೂಢಿ ಮಾಡಿಕೊಂಡಿರಿ.